ಅಕ್ಕನಿಗೊಬ್ಬಳಿಗೆ ಹೇಳದ ಸುದ್ದಿ

ತಂಗಿಯ ಅತ್ತೆಯ ಬಾಯಿಗೆ ಬೀಗ ಅನ್ನೋದೇ ಇರಲಿಲ್ಲ. ಅಕ್ಕನ ಹೊಲಿಗೆ ಅಂಗಡಿಗೆ ಬಂದವಳೇ ಎರಡು ನಿಲುವಂಗಿಗಳನ್ನು ಮೇಜಿನ ಮೇಲೆ ಹರಡಿ, "ಸೊಂಟ ಸ್ವಲ್ಪ ಬಿಚ್ಚಿಕೊಡಮ್ಮ. ಐದನೇ ತಿಂಗಳಲ್ವಾ, ನಿನ್ನ ತಂಗಿಗೆ ಒಂದೂ ಹಿಡಿಸ್ತಿಲ್ಲ" ಅಂದಳು.

"ಎರಡು ಇಂಚು ಸಾಕಾ?" ಅಂದಳು ಅಕ್ಕ. ಆ ಮಾತು ತನ್ನ ಬಾಯಿಂದ ಹೇಗೆ ಬಂತೋ ಅವಳಿಗೇ ತಿಳಿಯಲಿಲ್ಲ.

ಅವಳಿಗೆ ಮದುವೆಯಾಗಿ ಒಂಬತ್ತು ವರ್ಷ. ಮಾತ್ರೆ, ಇಂಜೆಕ್ಷನ್, ಸ್ಕ್ಯಾನಿಂಗ್ ಎಲ್ಲ ಆಗಿತ್ತು. ಎರಡು ಸಲ ಬಸಿರು ನಿಂತಂತಾಗಿ ಕೈತಪ್ಪಿತ್ತು. "ಏನಾದ್ರೂ ವಿಶೇಷ?" ಅಂತ ಕೇಳುವವರಿಗೆ ನಕ್ಕೂ ನಕ್ಕೂ ದವಡೆ ಸೋತಿತ್ತು. ಈಚೆಗೆ ಯಾರೂ ಕೇಳುತ್ತಲೇ ಇರಲಿಲ್ಲ. ಅದು ಇನ್ನೂ ಕಷ್ಟ.

ಆದರೆ ತಂಗಿ! ತಾನೇ ಜಡೆ ಹಾಕಿ ಶಾಲೆಗೆ ಕಳಿಸಿದ ಹುಡುಗಿ. ತಿಂಗಳುಗಟ್ಟಲೆ ಫೋನಿನಲ್ಲಿ "ಕೆಲಸ ಜಾಸ್ತಿ ಅಕ್ಕ, ಬರೋಕಾಗ್ತಿಲ್ಲ" ಅಂತ ರಾಗ ಎಳೆದಿದ್ದಳು.

ಸಂಜೆ ಅಂಗಿಗಳನ್ನು ಅಕ್ಕನೇ ಕೊಂಡೊಯ್ದಳು. ಬಾಗಿಲು ತೆಗೆದ ತಂಗಿ ಥಟ್ಟನೆ ದುಪಟ್ಟಾ ಹೊಟ್ಟೆಯ ಮೇಲೆಳೆದುಕೊಂಡಳು.

"ಯಾರ್ಯಾರಿಗೆ ಗೊತ್ತು?"

"ಎಲ್ಲರಿಗೂ. ಭಾವನಿಗೂ. ನಿಂಗೆ ನೋವಾಗುತ್ತೆ, ಹೇಳಬೇಡ ಅಂದ್ಲು ಅಮ್ಮ."

"ನೋವಾಗುತ್ತೆ ಅಂತ ಮಾತ್ರಾನಾ?"

ತಂಗಿ ತಲೆ ತಗ್ಗಿಸಿದಳು. "ಕಣ್ಣು ಬೀಳುತ್ತೆ ಅಂದ್ಲು. ನಾನು ಅದನ್ನೆಲ್ಲ ನಂಬಲ್ಲ ಅಕ್ಕ. ಆದ್ರೂ ಹೆದರಿಕೆ ಆಯ್ತು."

ಅಕ್ಕ ಕುರ್ಚಿಯ ಅಂಚಿಗೆ ಕೂತಳು. "ಸುದ್ದಿ ಕೇಳಿದಾಗ ನಂಗೆ ಹೊಟ್ಟೆ ಉರಿದದ್ದು ನಿಜ ಕಣೆ. ಈಗ್ಲೂ ಉರೀತಿದೆ. ಆದ್ರೆ ನಿನ್ನ ಮಗುಗೆ ಕೆಟ್ಟದ್ದು ಬಯಸೋವಷ್ಟು ಹಾಳಾಗಿದ್ದೀನಾ ನಾನು?"

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಬಸುರಿಯನ್ನು ಅಳಿಸಿದೆನಲ್ಲ ಅಂತ ಅಕ್ಕನೇ ನೀರು ತಂದುಕೊಟ್ಟು, ಬೆನ್ನು ಸವರಿ ಹೊರಟಳು.

ಮನೆಯಲ್ಲಿ ಗಂಡ ಪಾತ್ರೆ ತೊಳೆಯುತ್ತಿದ್ದ.

"ನಿಮ್ಗೂ ಗೊತ್ತಿತ್ತು."

ಅವನು ನಲ್ಲಿ ನಿಲ್ಲಿಸಿದ. "ಹೇಳಿದ್ರೆ ನೀನು ಕುಸಿದುಬೀಳ್ತೀಯ ಅಂತ..."

"ಕುಸಿದು ಎಷ್ಟು ದಿನ ಆಯ್ತು! ನಿಮಗೆ ಕಾಣಿಸ್ಲೇ ಇಲ್ವಾ?"

ಅವನು ಕೈ ಒರೆಸಿಕೊಂಡ. "ನಂಗೂ ಸಾಕಾಗಿದೆ," ಅಂದ, ಗೋಡೆಗೆ ಹೇಳಿದಂತೆ. ಇಷ್ಟು ವರ್ಷದಲ್ಲಿ ಅವನು ಆ ಮಾತಾಡಿದ್ದು ಇದೇ ಮೊದಲು.

"ಮುಂದಿನ ತಿಂಗಳು ಇಂಜೆಕ್ಷನ್ ಬೇಡ. ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ್ ಇದ್ದಾರಂತೆ. ಮೊದಲು ಅಲ್ಲಿಗೆ ಹೋಗೋಣ, ಇಬ್ರೂ," ಅಂದಳು ಅವಳು.

ಅವನು ಆಗಲಿ ಅಂದ. ಅಷ್ಟರಲ್ಲಿ ಅಮ್ಮನ ಫೋನು ಬಂತು. ಅವಳು ಎತ್ತಲಿಲ್ಲ. ಆ ಸಿಟ್ಟು ಇಳಿಯೋಕೆ ಇನ್ನೂ ಬಹಳ ದಿನ ಹಿಡಿಯಿತು.