ಶಂಕೆ ಸಾಹೇಬರ ಮುನ್ನೋಟ

ಕುಂಬಳಕಾಯಿ ಕಳ್ಳ ಅಂದರೆ ಊರವರ ಹೆಗಲನ್ನೆಲ್ಲ ಮುಟ್ಟಿ ನೋಡಿ, ಕೊನೆಗೆ ಕುಂಬಳಕಾಯಿಯನ್ನೇ ವಿಚಾರಣೆಗೆ ಕರೆದನಂತೆ. ಗಾದೆ ಹೀಗಿಲ್ಲ ಎಂದು ಯಾರೂ ಜಗಳಕ್ಕೆ ಬರಬೇಡಿ. ಶಂಕೆ ಸಾಹೇಬರನ್ನು ಕಂಡಿದ್ದರೆ ಗಾದೆ ಕಟ್ಟಿದವರೂ ಹೀಗೇ ತಿದ್ದಿಕೊಳ್ಳುತ್ತಿದ್ದರು. ಮುಂದಿನದೆಲ್ಲ ನಡೆದ ಕತೆ, ಒಂದಕ್ಷರ ಸುಳ್ಳಿಲ್ಲ. ಸುಳ್ಳುಗಳು ಇವೆ, ಆದರೆ ಅವು ಸಾಹೇಬರು ಹೇಳಿದವು.

ಸಾಹೇಬರು ಒಂದು ದೊಡ್ಡ ಬ್ಯಾಂಕಿನ ಹಣಕಾಸು ಮುಖ್ಯಸ್ಥರು. ಅನುಪಾತ ಕಲಿಯಲು ಕಾಲೇಜಿಗೆ ಹೋಗಿ ಅನುಮಾನ ಕಲಿತು ಬಂದವರು ಎಂದು ಕಚೇರಿಯಲ್ಲಿ ಮಾತು. ಬ್ಯಾಂಕಿಗೆ ಬಡ್ಡಿ ಹೇಗೋ ಅವರಿಗೆ ಅನುಮಾನ ಹಾಗೆ: ರಜಾದಿನದಲ್ಲೂ ಬೆಳೆಯುತ್ತಿತ್ತು. ಲಿಫ್ಟಿನಲ್ಲಿ ಯಾರಾದರೂ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ಮುಚ್ಚಿಟ್ಟರು. ಇನ್ನೊಂದು ಚಟವೆಂದರೆ ಎಲ್ಲವೂ ತಾಳೆಯಾಗಬೇಕು. ಬಲಜೇಬಿನಲ್ಲಿ ಬೀಗದಕೈ ಗೊಂಚಲು ಹಾಕಿದರೆ ಎಡಜೇಬಿನಲ್ಲಿ ಅಷ್ಟೇ ಭಾರದ ಇನ್ನೇನಾದರೂ ಇರಲೇಬೇಕು, ಇಲ್ಲದಿದ್ದರೆ ನಡಿಗೆಯೇ ಕುಂಟು.

ಮೂರು ತಿಂಗಳಿಗೊಮ್ಮೆ ಬ್ಯಾಂಕು ತನ್ನ ಲಾಭವನ್ನು ಲೋಕಕ್ಕೆ ಸಾರುತ್ತದೆ. ಜೊತೆಗೆ ಮುಂದಿನ ಮೂರು ತಿಂಗಳಲ್ಲಿ ಲಾಭ ಶೇಕಡಾ ಎಷ್ಟು ಬೆಳೆಯಬಹುದು ಎಂಬ ಮುನ್ನೋಟವನ್ನೂ ಹೇಳುತ್ತದೆ. ಆಮೇಲೆ ಷೇರುಪೇಟೆಯ ವಿಶ್ಲೇಷಕರು ಫೋನಿನಲ್ಲಿ ಸಾಲಾಗಿ ನಿಂತು ಪ್ರಶ್ನೆ ಕೇಳುತ್ತಾರೆ. ಅವರಲ್ಲೊಬ್ಬ ಮಹಾನುಭಾವನಿಗೆ ಕಚೇರಿ ಇಟ್ಟ ಹೆಸರು ಗರಗಸ. ಹಸಿ ಮರದ ಮೇಲೆ ಎಳೆದಂತೆ ಮಾತು. ಸಿಕ್ಕಿಕೊಂಡರೆ ಹೊಟ್ಟು ಉದುರುವವರೆಗೂ ಬಿಡುವವನಲ್ಲ.

ಕಳೆದ ಸಲ ಮುನ್ನೋಟದ ಅಂಕಿ ಬ್ಯಾಂಕಿನ ಬಾಯಿಂದ ಬರುವ ಮೊದಲೇ ಗರಗಸನ ಬಾಯಿಂದ ಬಂದಿತ್ತು. ಷೇರು ಒಂದು ದಿನ ಜೋಕಾಲಿಯಾಡಿತು. ಅಧ್ಯಕ್ಷರು ಸಾಹೇಬರನ್ನು ಕರೆಸಿ, ಕುಳಿತುಕೊಳ್ಳಿ ಎಂದೂ ಹೇಳದೆ, ಒಂದೇ ಮಾತು ಹೇಳಿದರು.

"ಈ ಸಲ ಸೋರಿದ್ರೆ ತೂತು ಎಲ್ಲಿದೆ ಅಂತ ಹುಡುಕ್ತಾ ಕೂರಲ್ಲ. ಕೊಡಾನೇ ಬದಲಾಯಿಸ್ತೀನಿ."

ಕೊಡ ಯಾರೆಂದು ಕೊಡಕ್ಕೆ ಗೊತ್ತಾಯಿತು. ಗುಮಾಸ್ತರಾಗಿ ಸೇರಿ, ಮೆಟ್ಟಿಲು ಮೆಟ್ಟಿಲು ಸವೆಸಿ ಹತ್ತಿದ ಕುರ್ಚಿ. ಅದು ಹೋದರೆ ಹೋಗಲಿ, ಸೋರುವ ಮನುಷ್ಯ ಎಂಬ ಹೆಸರು ಹೊತ್ತು ಹೋಗುವುದು ಹೇಗೆ?

ಹಾಗಾಗಿ ಈ ಸಲ ಸಾಹೇಬರು ಮುನ್ನೋಟವನ್ನು ಯಾವ ಕಾಗದಕ್ಕೂ ಹೇಳಲಿಲ್ಲ, ಯಾವ ಕಂಪ್ಯೂಟರಿಗೂ ತೋರಿಸಲಿಲ್ಲ. ಹನ್ನೊಂದು ಪಾಯಿಂಟ್ ನಾಲ್ಕು. ತಲೆಯೊಳಗಿಟ್ಟು ಬೀಗ ಜಡಿದರು. ಕೆಲಸ ನಡೆಯಬೇಕಲ್ಲ, ಅಂಕಿ ಕೇಳಿದವರಿಗೆಲ್ಲ ಒಂದೊಂದು ಬೇರೆ ಅಂಕಿ ಹಂಚಿದರು. ಸಾಲ ವಿಭಾಗದ ಮುಖ್ಯಸ್ಥೆಗೆ ಹನ್ನೊಂದು ಪಾಯಿಂಟ್ ಒಂದು. ಅಧ್ಯಕ್ಷರ ಭಾಷಣ ಬರೆಯುವ ಹುಡುಗಿಗೆ ಹನ್ನೊಂದು ಪಾಯಿಂಟ್ ಏಳು. ವಿಶ್ಲೇಷಕರ ಫೋನು ನೋಡಿಕೊಳ್ಳುವ ಗಿಳಿಗೆ ಸರಿಯಾಗಿ ಹನ್ನೆರಡು. ಅಧ್ಯಕ್ಷರಿಗೂ ಒಂದು. "ನಿಮಗೊಬ್ಬರಿಗೇ ಹೇಳ್ತಿರೋದು" ಎಂದು ನಾಲ್ವರಿಗೂ ಒಬ್ಬೊಬ್ಬರನ್ನೇ ಕರೆದು ಹೇಳಿದರು. ಯಾವ ಅಂಕಿ ಹೊರಬರುತ್ತದೋ ಆ ಅಂಕಿ ಕೇಳಿದವರ ಬಾಯಿ ಸಿಕ್ಕಿಬೀಳುತ್ತದೆ. ಆಡಳಿತ ಮಂಡಳಿಯ ಸಭೆಯಲ್ಲಿ ನಿಜ ಹೇಳಿದರಾಯಿತು.

ಗಿಳಿ ಎಂಬುವನು ಹಕ್ಕಿಯಲ್ಲ. ಯಾರ ದನಿ ಬೇಕಾದರೂ ಗಂಟಲಿಗಿಳಿಸಿಕೊಳ್ಳುವ ಕಿಲಾಡಿ. ಪ್ರತಿ ಸಲ ಫಲಿತಾಂಶಕ್ಕೆ ಮುಂಚೆ ಸವಾಲು ಜವಾಬಿನ ತಾಲೀಮು ಇರುತ್ತದೆ. ಆಗ ಪಕ್ಕದ ಕೋಣೆಯಲ್ಲಿ ಕುಳಿತು ಸ್ಪೀಕರಿನಲ್ಲಿ ಒಬ್ಬೊಬ್ಬ ವಿಶ್ಲೇಷಕನಾಗಿ ಪ್ರಶ್ನೆ ಕೇಳುವುದು ಅವನ ಕೆಲಸ. ಬಾಕಿ ಸಮಯದಲ್ಲಿ ಅಧ್ಯಕ್ಷರ ಕೆಮ್ಮಿನಿಂದ ಹಿಡಿದು ಕಾಫಿ ಯಂತ್ರದ ಗೊರಕೆಯವರೆಗೆ ಎಲ್ಲ ಅಭ್ಯಾಸ. ಅನುಮಾನದ ಪಟ್ಟಿಯಲ್ಲಿ ಅವನಿಗೆ ಮೊದಲ ಸ್ಥಾನ.

ತಾಲೀಮಿನ ದಿನ. ಸಾಹೇಬರು ಊಟದ ಡಬ್ಬಿ ತೆರೆದು ಇನ್ನೇನು ಮೊದಲ ತುತ್ತು ಎತ್ತಬೇಕು, ಮೇಜಿನ ಫೋನು ಬಡಿದುಕೊಂಡಿತು.

"ನಮಸ್ಕಾರಾ... ಸಾಹೇಬ್ರಾ..."

ಮರ ಕೊಯ್ದಂತೆ ಆಯಿತು. "ಯಾರು?"

"ಗೊತ್ತಾಗ್ಲಿಲ್ವಾ... ನೀವೆಲ್ಲ ಸೇರಿ ನನಗೊಂದು ಹೆಸರಿಟ್ಟಿದೀರಂತೆ..."

"ನೋಡಿ, ಫಲಿತಾಂಶ ಬರೋ ತನಕ ನಾನು ಮಾತಾಡೋ ಹಾಗಿಲ್ಲ. ಇಡ್ತೀನಿ."

"ನೀವು ಮಾತಾಡ್ಬೇಡಿ. ಸುಮ್ನೆ ಕೇಳಿಸ್ಕೊಳ್ಳಿ. ಮುಂದಿನ ಮೂರು ತಿಂಗಳಿಗೆ... ಹನ್ನೊಂದು ಪಾಯಿಂಟ್... ನಾಲ್ಕು. ಹಾಂ, ಉಸಿರು ನಿಂತಿದ್ದು ಕೇಳಿಸ್ತು. ಸರಿ ಹಾಗಾದ್ರೆ."

ಫೋನು ಕಟ್ಟಾಯಿತು. ತುತ್ತು ಡಬ್ಬಿಗೆ ವಾಪಸ್ಸಾಯಿತು.

ಸಾಹೇಬರು ಪೆದ್ದರಲ್ಲ. ಮೊದಲು ಹೊಳೆದ ಹೆಸರು ಗಿಳಿಯದೇ. ಹಜಾರ ದಾಟಿ ದಡದಡನೆ ಹೋಗಿ ನೋಡಿದರೆ ಅವನು ತನ್ನ ಕುರ್ಚಿಯಲ್ಲಿ ಸಾಧುವಿನಂತೆ ಬಿಸ್ಕತ್ತು ಅದ್ದುತ್ತಿದ್ದ.

"ಎಲ್ಲಿದ್ಯೋ ಈಗ?"

"ಇಲ್ಲೇ ಇದೀನಲ್ಲ ಸಾರ್. ನೋಡ್ತಾನೇ ಇದೀರಿ."

"ಮುನ್ನೋಟ ಎಷ್ಟು ಹೇಳು."

ಗಿಳಿ ಅತ್ತಿತ್ತ ನೋಡಿ, ಸಾಹೇಬರ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ: "ಹನ್ನೆರಡು. ಯಾಕ್ ಸಾರ್, ನೀವೇ ಮರೆತ್ರಾ?"

ಸಾಹೇಬರು ಪೆಚ್ಚಾಗಿ ಹಿಂತಿರುಗಿದರು. ಗಿಳಿಗೆ ಗೊತ್ತಿರುವುದು ಹನ್ನೆರಡು. ಉಳಿದ ಮೂವರಿಗೂ ಗೊತ್ತಿರುವುದು ಬೇರೆ ಬೇರೆ. ಹನ್ನೊಂದು ಪಾಯಿಂಟ್ ನಾಲ್ಕು ಇಡೀ ಭೂಮಿಯ ಮೇಲೆ ಇರುವುದು ಒಂದೇ ತಲೆಯಲ್ಲಿ. ತಾವೇ ಹೂಡಿದ ಬಲೆ, ಎಲ್ಲರನ್ನೂ ನಿರಪರಾಧಿಗಳೆಂದು ಬಿಟ್ಟುಕೊಟ್ಟು, ತಿರುಗಿ ತಮ್ಮ ಕಡೆಗೇ ಬಾಯಿ ತೆರೆದಿತ್ತು.

ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿದರು. ಕನ್ನಡಿಯ ಮುಂದೆ ನಿಂತು, ಬಾಯಿ ಮುಚ್ಚಿಕೊಂಡು, ಮನಸ್ಸಿನಲ್ಲೇ ಅಂಕಿ ಹೇಳಿಕೊಂಡರು. ತುಟಿ ಅಲುಗಿತೇ? ಅಲುಗಿದಂತಿತ್ತು. ಇನ್ನೊಮ್ಮೆ ಹೇಳಿಕೊಂಡರು. ಹುಬ್ಬೂ ಕುಣಿಯಿತು. ಇಷ್ಟು ವರ್ಷ ಲಿಫ್ಟಿನಲ್ಲಿ ಜನ ನಗುತ್ತಿದ್ದುದು ಇದಕ್ಕೇ ಇರಬಹುದೇ? ಬೆವರು ಒರೆಸಿಕೊಂಡು ಮನೆಗೆ ಫೋನು ಮಾಡಿದರು.

"ಏನ್ರೀ, ಊಟ ಆಯ್ತಾ?" ಹೆಂಡತಿ ಕೇಳಿದಳು.

"ಅದಿರ್ಲಿ. ನಾನು ನಿದ್ದೇಲಿ ಮಾತಾಡ್ತೀನಾ?"

"ಎಚ್ಚರ ಇದ್ದಾಗಲೇ ಆಡಲ್ಲ, ನಿದ್ದೇಲಿ ಆಡ್ತೀರಾ!"

"ತಮಾಷೆ ಬೇಡ ಕಣೇ. ನಿನ್ನ ತಮ್ಮ ಬಂದಿದ್ನಾ? ಅವನು ಷೇರು ಗೀರು ಅಂತಿರ್ತಾನೆ."

"ಬಂದಿದ್ದ, ಏಣಿ ವಾಪಸ್ ಕೊಡೋಕೆ. ಅನುಮಾನ ಇದ್ರೆ ಹೇಳಿ, ಮೆಟ್ಟಿಲು ಎಣಿಸಿ ಇಟ್ಕೋತೀನಿ." ಆಮೇಲೆ ನೆನಪಾಗಿ, "ಹಾಂ, ಮೊನ್ನೆ ನಿದ್ದೇಲಿ ಏನೋ ಅಂದ್ರಿ ನೋಡಿ" ಎಂದಳು.

ಸಾಹೇಬರು ಫೋನನ್ನು ಕಿವಿಗೆ ಒತ್ತಿಕೊಂಡರು. "ಏನಂದೆ?"

"'ಯಾರಿಗೂ ಕೊಡ್ಬೇಡ' ಅಂದ್ರಿ. ನಾನು ಹೊದಿಕೆ ವಿಷಯ ಅಂದ್ಕೊಂಡು ಎಳ್ಕೊಂಡು ಮಲಗಿದೆ."

ಅಂದರೆ ಮಾತಾಡುವುದು ಹೌದು. ಒಂದು ಮಾತು ಬಂದಿದೆ ಎಂದರೆ ಅಂಕಿ ಬರಲು ಎಷ್ಟು ಹೊತ್ತು? ಆ ರಾತ್ರಿ ಮಲಗುವ ಕೋಣೆಯ ಕಿಟಕಿ ತೆರೆದಿತ್ತು. ಪಕ್ಕದ ಮನೆಯಲ್ಲೊಬ್ಬ ಷೇರು ದಲ್ಲಾಳಿಯಿದ್ದ. ಸಾಹೇಬರ ಮನಸ್ಸಿನಲ್ಲಿ ಪಂಚಾಯ್ತಿ ಸೇರಿತು: ದೂರು ಕೊಟ್ಟವರೂ ಅವರೇ, ಸಾಕ್ಷಿಯೂ ಅವರೇ, ಆರೋಪಿಯೂ ಅವರೇ. ತೀರ್ಪಿಗೆ ತಡವಾಗಲಿಲ್ಲ.

ತಾಲೀಮಿನ ಕೋಣೆಗೆ ಅವರು ಹೋದಾಗ ಉದ್ದನೆಯ ಮೇಜಿನ ತುದಿಯಲ್ಲಿ ಅಧ್ಯಕ್ಷರು ಕುಳಿತಿದ್ದರು. ಒಂದು ಪಕ್ಕ ಸಾಲ ವಿಭಾಗದ ಮುಖ್ಯಸ್ಥೆ, ಇನ್ನೊಂದು ಪಕ್ಕ ಭಾಷಣದ ಹುಡುಗಿ, ನಡುವೆ ಸ್ಪೀಕರು. ಗೋಡೆಯಾಚೆ ಗಿಳಿ. ಸಾಹೇಬರು ಕುಳಿತುಕೊಳ್ಳಲಿಲ್ಲ. ಕೊರಳಿನ ಗುರುತುಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಸಾರ್, ಅಂಕಿ ಸೋರಿದೆ. ಗರಗಸ ಈಗ ಫೋನ್ ಮಾಡಿ ಹೇಳ್ದ. ಇವರ್ಯಾರೂ ಅಲ್ಲ, ಇವರನ್ನ ಏನೂ ಅನ್ಬೇಡಿ. ಸೋರಿದ್ದು ನಾನೇ. ಹೇಗೆ ಅಂತ ಮಾತ್ರ ನನಗೇ ಗೊತ್ತಿಲ್ಲ." ಚೀಟಿಯನ್ನು ಅಧ್ಯಕ್ಷರ ಕಡೆಗೆ ತಳ್ಳಿದರು. "ತಗೊಳ್ಳಿ ನನ್ನ ಗುರುತುಚೀಟಿ. ನೀವು ಕೊಡ ಬದಲಾಯಿಸ್ಬಹುದು."

ಮುಖ್ಯಸ್ಥೆಯ ಕೈಯಲ್ಲಿದ್ದ ಪೆನ್ನು ಜಾರಿತು. ಭಾಷಣದ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗ ಸ್ಪೀಕರು ಮಾತಾಡಿತು.

"ಸಾಹೇಬ್ರಾ... ಗುರುತುಚೀಟಿ ಹಾಕ್ಕೊಳಿ..." ಗರಗಸ ಅಲ್ಲಿಗೇ ತುಂಡಾಯಿತು. "ಸಾರ್, ನಾನ್ ಸಾರ್, ಗಿಳಿ. ತಪ್ಪಾಯ್ತು ಸಾರ್. ಇಷ್ಟು ದೂರ ಹೋಗುತ್ತೆ ಅಂದ್ಕೊಂಡಿರ್ಲಿಲ್ಲ."

"ನೀನಾ? ಸಾಧ್ಯಾನೇ ಇಲ್ಲ!" ಸಾಹೇಬರು ಸ್ಪೀಕರಿಗೆ ಗದರಿದರು. "ನಿನಗೆ ಹೇಳಿದ್ದು ಹನ್ನೆರಡು ತಾನೇ?"

"ಹನ್ನೆರಡಾ?" ಅಧ್ಯಕ್ಷರ ಕನ್ನಡಕ ಮೂಗಿನ ತುದಿಗೆ ಬಂತು. "ನನಗೆ ಹತ್ತು ಪಾಯಿಂಟ್ ಎಂಟು ಅಂದ್ರಲ್ರೀ!"

ಮುಖ್ಯಸ್ಥೆ ಅಧ್ಯಕ್ಷರ ಕಡೆ ತಿರುಗಿ ಬಾಯಿಬಿಟ್ಟರು.

"ಅದೇ ಆಗಿದ್ದು ಸಾರ್. ನೀವು ಭಾಷಣಕ್ಕೆ ಅಂತ ಈ ಹುಡುಗಿಗೆ ಹತ್ತು ಪಾಯಿಂಟ್ ಎಂಟು ಅಂದ್ರಿ. ಅವಳ ಹತ್ರ ಬೇರೆ ಇತ್ತು. ಗಾಬರಿಯಾಗಿ ನನ್ನ ಹತ್ರ ಬಂದ್ಳು, ನನ್ನ ಹತ್ರ ಇನ್ನೊಂದು. ಗಿಳಿ ಹತ್ರ ಮತ್ತೊಂದು. ನಮ್ಮನ್ನೆಲ್ಲ ಕಳ್ಳರು ಮಾಡಿದಾರೆ ಅಂತ ನನಗೂ ಸಿಟ್ಟು ಬಂತು."

"ಸರಿ, ನಿಜವಾದ್ದು ಹೇಗೆ ಸಿಕ್ತು?" ಸಾಹೇಬರ ದನಿಯಲ್ಲಿ ಅನುಮಾನ ಮತ್ತೆ ಚಿಗುರಿತ್ತು. "ನಾನು ನಿದ್ದೇಲಿ..."

"ನಿದ್ದೇನೂ ಇಲ್ಲ, ಏನೂ ಇಲ್ಲ," ಮುಖ್ಯಸ್ಥೆ ಈಗ ಸಾಹೇಬರ ಕಡೆ ತಿರುಗಿದರು. " ನಾವು ನಿಮ್ಮನ್ನ ಇವತ್ತು ನೋಡ್ತಿದೀವಾ? ನೀವು ಸುಳ್ಳು ಹೇಳಿದ್ರೂ ಎರಡು ಕಡೆ ತೂಕ ಸರಿಯಿಲ್ಲದೆ ಹೇಳೋರಲ್ಲ. ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದ್ವಿ. ಹನ್ನೊಂದು ಪಾಯಿಂಟ್ ನಾಲ್ಕು ಬಂತು. ಸರಿಯೋ ತಪ್ಪೋ ನಮಗೇನು ಗೊತ್ತು? ನಿಮ್ಮ ಉಸಿರು ನಿಂತ ಮೇಲೇ ಗೊತ್ತಾಗಿದ್ದು."

ಸಾಹೇಬರು ಕುರ್ಚಿಗೆ ಕುಸಿದರು. ತುಟಿ ಕುಣಿಸುತ್ತ ಮನಸ್ಸಿನಲ್ಲೇ ಕೂಡಿದರು, ಭಾಗಿಸಿದರು. ಒಂದು ಚುಕ್ಕೆಯೂ ಆಚೀಚೆ ಇಲ್ಲ.

ಅಧ್ಯಕ್ಷರು ಮೇಜಿನ ಮೇಲೆ ಬಾಗಿದರು. ಮುಖದಲ್ಲಿ ಸಿಟ್ಟೋ ನೋವೋ ಹೇಳಲಾಗದು. "ಅಲ್ರೀ, ಅವರನ್ನ ಬಿಡಿ. ನನ್ನ ಮೇಲೂ ಅನುಮಾನಾನಾ?"

"ಛೆ ಛೆ, ನಿಮ್ಮ ಮೇಲೆ ಯಾವ ಅನುಮಾನಾನೂ ಇರ್ಲಿಲ್ಲ ಸಾರ್," ಸಾಹೇಬರು ಕೈ ಮುಗಿಯುವಂತೆ ಹೇಳಿದರು. "ಆದ್ರೆ ಬರೀ ಮೂರು ಜನಕ್ಕೆ ಹೇಳಿದ್ರೆ ತಾಳೆ ಆಗ್ತಿರ್ಲಿಲ್ಲ."

ಹೇಳಿದ ಮೇಲೆ ತಮ್ಮ ಮಾತು ತಮ್ಮ ಕಿವಿಗೇ ಬಿತ್ತು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ. ಸ್ಪೀಕರಿನಿಂದ ಗಿಳಿಯ ಕಿಸಕ್ಕು ಕೇಳಿತು, ಹುಡುಗಿಯ ಬೆರಳ ಸಂದಿಯಿಂದ ನಗು ಜಾರಿತು, ಮುಖ್ಯಸ್ಥೆ ಮುಖ ಆಚೆ ತಿರುಗಿಸಿದರು, ಅಧ್ಯಕ್ಷರು ಕೆಮ್ಮಿನಲ್ಲಿ ಮುಚ್ಚಲು ನೋಡಿ ಸೋತರು. ಆದರೆ ಅವರೆಲ್ಲರ ದನಿ ಕೂಡಿದರೂ ಸಾಹೇಬರ ನಗೆಯ ಮುಂದೆ ಕೇಳಿಸಲಿಲ್ಲ. ಅದು ಕಚೇರಿ ಹಿಂದೆಂದೂ ಕೇಳದ, ಗಿಳಿಯ ಗಂಟಲಿಗೂ ಎಟುಕದ ನಗೆ. ಮೇಜು ಗುದ್ದಿ, ಕಣ್ಣೀರು ಸುರಿಸಿ, ಉಸಿರು ಸಾಲದೆ, "ಭಾಗಿಸಿದ್ರಾ? ನಾಲ್ಕರಿಂದ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅವರು ಮತ್ತೆ ಮೊದಲಿನಿಂದ ನಗತೊಡಗಿದರು.