ಸಿದ್ದಕ್ಕನ ಬಾಯಲ್ಲಿದ್ದದ್ದು

ಜಮಖಂಡಿಯ ಒಂದು ಹಲ್ಲಿನ ಆಸ್ಪತ್ರೆಯ ಹಿಂಭಾಗದ ಲ್ಯಾಬಿನಲ್ಲಿ ಹರ್ಷದಾ ಎರಡು ವರ್ಷದಿಂದ ಒಂದೇ ಜೀವದ ಬೆನ್ನು ಹತ್ತಿದ್ದಳು. ಒಸಡಿನ ಆಳದ ಸಂದಿಯಲ್ಲಿ ಅಡಗಿರುವ ಒಂದು ಬ್ಯಾಕ್ಟೀರಿಯಾ ಅದು. ಸೂಕ್ಷ್ಮದರ್ಶಕದಡಿ ಕುಡುಗೋಲಿನ ಹಾಗೆ ಬಾಗಿ ಕಾಣುತ್ತಿತ್ತು. ಬಾಯಿಯಿಂದ ತೆಗೆದು ಬೆಳೆಸಲೆಂದು ಗಾಜಿನ ತಟ್ಟೆಗೆ ಹಚ್ಚಿದರೆ ಮಾತ್ರ ಸುಳಿವು ಬಿಡದೆ ಸತ್ತುಹೋಗುತ್ತಿತ್ತು. ಎಷ್ಟೋ ಬಾಯಿ ನೋಡಿದಳು, ಎಷ್ಟೋ ತಟ್ಟೆ ಬಿಸಾಡಿದಳು.

ಇಂಥ ಜೀವಗಳನ್ನು ಬೆಳೆಸುವ ತಟ್ಟೆಗೆ ಕುರಿಯ ನೆತ್ತರು ಬೆರೆಸಬೇಕು. ಅದು ಬರುತ್ತಿದ್ದದ್ದು ಹಿಪ್ಪರಗಿಯ ಜಕ್ಕಪ್ಪನ ಹಿಂಡಿನಿಂದ. ತಿಂಗಳಿಗೊಮ್ಮೆ ಜಕ್ಕಪ್ಪ, ಅವನ ಹೆಂಡತಿ ಸಿದ್ದಕ್ಕ ಇಬ್ಬರೂ ಒಂದು ಟಗರನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ದನದ ಡಾಕ್ಟರು ಅದರ ಕುತ್ತಿಗೆಯಿಂದ ಒಂದಿಷ್ಟು ನೆತ್ತರು ಎಳೆಯುವಾಗ ಸಿದ್ದಕ್ಕ ತಲೆಯನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಅದರ ಕಿವಿಯಲ್ಲಿ ಏನೇನೋ ಮಾತಾಡುತ್ತ ಕೂಡುತ್ತಿದ್ದಳು. ಟಗರು ಮಿಸುಕುತ್ತಿರಲಿಲ್ಲ.

ಒಮ್ಮೆ ಅವಳು ಉಗುಳಿದ್ದರಲ್ಲಿ ರಕ್ತ ಕಂಡು ಹರ್ಷದಾ ಕೇಳಿದಳು, "ಸಿದ್ದಕ್ಕಾ, ನಿನ್ನ ಒಸಡು ಸ್ವಲ್ಪ ನೋಡ್ಲೇನು? ಒಂದೀಟು ಕೆರೆದು ತಗೋತೇನಿ. ನೋಯೂದಿಲ್ಲ."

"ನನ್ನ ಬಾಯಾಗ ಏನ್ ಹುಡಕ್ತೀರಿ ಅಕ್ಕಾರ? ಮಾತ ಬಿಟ್ರ ಏನೂ ಸಿಗೂದಿಲ್ಲ" ಎಂದು ನಕ್ಕು ಸಿದ್ದಕ್ಕ ಬಾಯಿ ತೆರೆದಳು. ತಂಬಾಕು, ಸುಣ್ಣ, ರೊಟ್ಟಿ, ಬೆಳ್ಳುಳ್ಳಿ, ಎಲ್ಲ ಕೂಡಿದ ಒಂದು ವಾಸನೆ ಹರ್ಷದಾಳ ಮುಖಕ್ಕೆ ಬಡಿಯಿತು.

ಅವಳ ಒಸಡಿನಿಂದ ಕೆರೆದದ್ದನ್ನು ಹಚ್ಚಿದ ತಟ್ಟೆಗಳು ಗಾಳಿ ತೆಗೆದ ಜಾರಿನಲ್ಲಿ ಇನ್ನೂ ಬೆಚ್ಚಗೆ ಕೂತಿದ್ದಾಗಲೇ ಸಿದ್ದಕ್ಕ ಸತ್ತಳು. ಕುರಿದೊಡ್ಡಿಯಲ್ಲಿ ಮರಿಗೆ ಹಾಲು ಕುಡಿಸುತ್ತ ಕೂತವಳು ಎದೆ ಹಿಡಿದುಕೊಂಡು ಹಾಗೇ ವಾಲಿದಳಂತೆ. ಮಗಳು ಮಾಲಾ ಫೋನಿನಲ್ಲಿ ಹೇಳಿ ಅತ್ತಳು.

ಹರ್ಷದಾ ಮಣ್ಣಿಗೆ ಹೋಗಿ ಬಂದಳು. ಮರುದಿನ ಬೆಳಿಗ್ಗೆ ಜಾರಿನ ಮುಚ್ಚಳ ತೆಗೆದಳು. ಅದೇ ವಾಸನೆ. ಇಂಥ ಜೀವಗಳೆಲ್ಲ ನಾರುತ್ತವೆ, ಅದು ಅವಳಿಗೆ ಗೊತ್ತಿದ್ದದ್ದೇ. ಆದರೂ ಯಾರೋ ಎದುರು ಕೂತು ಬಾಯಿ ತೆರೆದ ಹಾಗಾಗಿ ಒಂದು ಹೆಜ್ಜೆ ಹಿಂದೆ ಸರಿದಳು.

ತಟ್ಟೆಯ ಮೇಲೆ ಒಂದು ದೊಡ್ಡ ಬೊಟ್ಟು ಬೆಳೆದಿತ್ತು. ಅದು ಎಲ್ಲರ ಬಾಯಲ್ಲೂ ಇರುವಂಥದ್ದು, ಹೊಸದಲ್ಲ. ಅದರ ಮಗ್ಗುಲಿಗೆ ಒತ್ತಿಕೊಂಡು ಗಸಗಸೆಗಿಂತ ಸಣ್ಣ ಚುಕ್ಕೆಗಳು. ಆಚೆ ಎಲ್ಲೂ ಇಲ್ಲ, ಆ ಬೊಟ್ಟಿನ ಪಕ್ಕದಲ್ಲಿ ಮಾತ್ರ. ಒಂದು ಚುಕ್ಕೆ ಎತ್ತಿ ಸೂಕ್ಷ್ಮದರ್ಶಕದಡಿ ಇಟ್ಟಳು. ಕುಡುಗೋಲುಗಳು.

ಖುಷಿಯಿಂದ ಕೂಗಬೇಕಿತ್ತು. ತಟ್ಟೆಯ ಮೇಲೆ ಬರೆದಿದ್ದ ಸಿದ್ದಕ್ಕನ ಹೆಸರು ಓದಿದಳು.

ಎರಡು ದಿನ ಬಿಟ್ಟು ಜಕ್ಕಪ್ಪ ಬಂದ, ಈ ಸಲ ಟಗರಿಲ್ಲದೆ. ಹೆಗಲ ಕಂಬಳಿ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತ.

"ಎಡಿ ಇಟ್ಟಿದ್ವಿ ಅಕ್ಕಾರ. ಆಕಿಗಿ ಸೇರೂದೆಲ್ಲಾ ಮಾಡಿದ್ವಿ. ಕಾಗಿ ಹತ್ರ ಬಂತು, ಮುಟ್ಟಲಿಲ್ಲ. ಆಕಿದು ಏನರ ಹಿಂದ ಉಳದೈತಿ ಅಂತಾರ ಮಂದಿ. ನಿಮ್ಮಲ್ಲೆ ಆಕಿದೇನರ ಐತೇನ್ರಿ?"

ಇಲ್ಲ ಎನ್ನಲು ಹರ್ಷದಾಳಿಗೆ ಬಾಯಿ ಬರಲಿಲ್ಲ. ಪರದೆ ಎಳೆದ ಕತ್ತಲ ಕೋಣೆಗೆ ಕರೆದೊಯ್ದು ತಟ್ಟೆಯ ಮೇಲೆ ನೀಲಿ ದೀಪ ಹಿಡಿದಳು. ದೊಡ್ಡ ಬೊಟ್ಟು ಒಲೆಯ ಕೆಂಡದ ಹಾಗೆ ಕೆಂಪಗೆ ಹೊಳೆಯಿತು.

"ಇದು ಸಿದ್ದಕ್ಕ ಅಲ್ರಿ ಕಾಕಾ. ಆಕಿ ಬಾಯಾಗ ಇದ್ದ ಜೀವ, ಅಷ್ಟ. ಈ ಕೆಂಪಂದು ಎಲ್ಲಾರ ಬಾಯಾಗೂ ಇರ್ತದ. ಮಗ್ಗಲದಾಗಿನ ಸಣ್ಣುವು ಹೊಸಾವು. ಬಾಜೂಕ ಇದು ಇರದಿದ್ರ ಅವು ಬದುಕೂದಿಲ್ಲ."

ಜಕ್ಕಪ್ಪ ಬಹಳ ಹೊತ್ತು ನೋಡಿದ. "ನನ್ನ ಬಾಯಾಗೂ ಇರ್ತಾವೇನ್ರಿ, ಆಕಿವು?"

ಅವನಿಗೆ ಸಮಾಧಾನವಾಗಲಿ ಎಂದೇ ಹರ್ಷದಾ ಹೇಳಿದಳು, "ಇರಬಹುದು. ಇಷ್ಟು ವರ್ಷ ಒಂದ ಮನಿ, ಒಂದ ತಂಬಗಿ ನೀರು. ಒಬ್ಬರ ಬಾಯಾಗಿಂದು ಒಬ್ಬರಿಗೆ ಹೋಗಿರ್ತದ."

ಜಕ್ಕಪ್ಪ ಕಂಬಳಿಯ ತುದಿಯಿಂದ ಬಾಯಿ ಮುಚ್ಚಿಕೊಂಡ. ಹಾಗೇ ಮುಚ್ಚಿಕೊಂಡು ಹೊರಟುಹೋದ.

ಮುಂದಿನ ತಿಂಗಳು ಟಗರು ತಂದವಳು ಮಾಲಾ. "ಅಪ್ಪ ಬಾಯಿ ತೊಳ್ಯಾಂಗಿಲ್ರಿ ಅಕ್ಕಾರ" ಎಂದಳು. "ಬೇವಿನ ಕಡ್ಡಿ ಮುಟ್ಟಾಂಗಿಲ್ಲ, ಉಂಡ ಮ್ಯಾಲೆ ಮುಕ್ಕಳಸಾಂಗಿಲ್ಲ. ಮಾತೂ ಇಲ್ಲ. ಕೇಳಿದ್ರ, ಬಾಯಾಗ ನಿಮ್ಮವ್ವ ಅದಾಳ ಅಂತಾನ. ಈಗ ಗಲ್ಲ ಬಾತೈತಿ, ಜ್ವರಾ ಬಂದಾವು. ದವಾಖಾನಿಗಿ ಬಾ ಅಂದ್ರ ಬೈತಾನ."

ಹರ್ಷದಾ ಒಬ್ಬಳೇ ಆಗಲೇ ಸ್ಕೂಟಿ ತೆಗೆದಳು. ಹಿಪ್ಪರಗಿಯ ದಾರಿಯುದ್ದಕ್ಕೂ ಕಬ್ಬು ಎರಡೂ ಕಡೆ ಆಳೆತ್ತರ ನಿಂತು ಸರಗುಟ್ಟುತ್ತಿತ್ತು. ಹಿಂದಿನ ಸೀಟಿನಲ್ಲಿ ಯಾರೋ ಕೂತಿದ್ದಾರೆ ಅನಿಸಿ ಎರಡು ಸಲ ಗಾಡಿ ನಿಲ್ಲಿಸಿ ನೋಡಿದಳು.

ಜಕ್ಕಪ್ಪ ದೊಡ್ಡಿಯ ಪಕ್ಕದ ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎಡಗಲ್ಲ ಬಾತು ಆ ಕಡೆಯ ಕಣ್ಣು ಮುಚ್ಚಿಹೋಗಿತ್ತು. ಆಸ್ಪತ್ರೆಗೆ ಕರೆದರೆ ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದ.

ನಾನು ಹೇಳಿದ್ದು ನಿಜ, ಆದರೆ ಆ ನಿಜ ಈತನನ್ನು ಕೊಲ್ಲಲು ಕೂತಿದೆ ಎಂದು ಹರ್ಷದಾಳಿಗೆ ಹೊಳೆಯಿತು. ಹೊರಸಿನ ಪಕ್ಕ ನೆಲಕ್ಕೆ ಕೂತಳು.

"ಕಾಕಾ, ಆಕಿನ್ನ ನನ್ನ ಹತ್ರ ಬಿಡ್ರಿ. ನಿಮ್ಮ ಕುರಿ ನೆತ್ತರ ಹಾಕಿ, ವಾರಕ್ಕೊಮ್ಮೆ ಹೊಸ ತಟ್ಟಿಗೆ ಇಟ್ಟು ನಾ ಜ್ವಾಕಿ ಮಾಡ್ತೇನಿ. ಒಬ್ಬಾಕಿನ್ನ ಬಿಡಾಂಗಿಲ್ಲ, ಬಾಜೂಕ ಆ ಕೆಂಪಂದು ಜೋಡಿ ಇದ್ದ ಇರ್ತದ. ನೀವು ನಿಮ್ಮ ಬಾಯಿ ತೊಳಕೊಳ್ರಿ."

ಜಕ್ಕಪ್ಪನ ತೆರೆದ ಕಣ್ಣು ಅವಳ ಕಡೆ ತಿರುಗಿತು. "ಖರೆ?"

"ಖರೆ."

ಸಂಜೆಗೆ ಆಸ್ಪತ್ರೆಯ ಡಾಕ್ಟರ್ ಧೀರೇಂದ್ರ ಕೀವು ತೆಗೆದು, ಎರಡು ಹಲ್ಲು ಕಿತ್ತರು. ಬಾಯಿ ತೊಳೆದು ಬಟ್ಟಲಿಗೆ ಉಗುಳುವಾಗ ಜಕ್ಕಪ್ಪ ಮಗುವಿನ ಹಾಗೆ ಅತ್ತ.

ಅವನು ಚೇತರಿಸಿಕೊಂಡ. ಹರ್ಷದಾ ಮಾತ್ರ ಕೊಟ್ಟ ಮಾತಿಗೆ ಕಟ್ಟುಬಿದ್ದಳು. ಅಕ್ಕನ ಮಗಳ ಮದುವೆಗೆ ಮಿರಜಿಗೆ ಹೋದವಳು ಅಕ್ಕಿಕಾಳು ಬೀಳುತ್ತಲೇ, ತಟ್ಟೆ ಬದಲಿಸುವ ದಿನವೆಂದು ಊಟಕ್ಕೂ ನಿಲ್ಲದೆ ವಾಪಸು ಬಂದಳು. ಜಾರು ತೆರೆದಾಗಲೆಲ್ಲ ಉಸಿರು ಹಿಡಿಯುತ್ತಿದ್ದಳು. ಒಮ್ಮೊಮ್ಮೆ ಒಬ್ಬಳೇ ಇದ್ದಾಗ ತಟ್ಟೆಯೊಂದಿಗೆ ಮಾತಾಡುತ್ತಿರುವುದು ತನ್ನ ಕಿವಿಗೇ ಕೇಳಿ ಬೆಚ್ಚುತ್ತಿದ್ದಳು.

ಬೇಸಿಗೆಯಲ್ಲಿ ತಟ್ಟೆಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಕೆಟ್ಟಿತು. ಅವಳು ಬರುವಷ್ಟರಲ್ಲಿ ಒಳಗೆ ಕೈ ಇಡಲಾಗದಷ್ಟು ಕಾವು ಏರಿ, ತಟ್ಟೆಗಳು ಒಣಗಿ ಚಕ್ಕೆಯೆದ್ದಿದ್ದವು. ಇಂಥ ದಿನಕ್ಕೆಂದೇ ಅದೇ ಜೀವಗಳನ್ನು ತುಂಬಿ ಫ್ರೀಜರಿನಲ್ಲಿ ಮಲಗಿಸಿದ್ದ ನಳಿಕೆಗಳನ್ನು ಒಂದೊಂದಾಗಿ ತೆಗೆದು ಎಬ್ಬಿಸಲು ನೋಡಿದಳು. ದೊಡ್ಡ ಬೊಟ್ಟು ಎದ್ದಿತು, ಕೆಂಪಗೆ ಹೊಳೆಯಿತು. ಅದರ ಮಗ್ಗುಲು ಖಾಲಿ. ಕೊನೆಯ ನಳಿಕೆಯದೂ ಖಾಲಿ.

ಆ ವಾರವೇ ಜಕ್ಕಪ್ಪ ಟಗರು ತಂದ. ಬಾಯಿ ತುಂಬ ನಗುತ್ತ ಕೇಳಿದ, "ಛಲೋ ಅದಾಳೇನ್ರಿ?"

"ಅದಾಳ್ರಿ" ಎಂದಳು ಹರ್ಷದಾ.

ಅದು ಸುಳ್ಳೆಂದು ಅವಳಿಗೆ ಗೊತ್ತಿತ್ತು. ಅನ್ನ ಇಳಿಯದಾಯಿತು. ಎದುರಿಗೆ ಯಾರು ಬಾಯಿ ತೆರೆದರೂ, ಬಸ್ಸಿನಲ್ಲಿ ಆಕಳಿಸಿದರೂ, ಅವಳ ಕಣ್ಣು ಅವರ ಒಸಡಿಗೆ ಹೋಗಿ ಒಬ್ಬಳನ್ನೇ ಹುಡುಕುತ್ತಿತ್ತು. ಕೊನೆಗೆ ಮಾಲಾಳನ್ನು ಕರೆಸಿ ಎಲ್ಲ ಹೇಳಿದಳು. "ತಾಯಿ ಬಾಯಿಂದು ಕೂಸಿಗೆ ಬಂದಿರ್ತದ. ನಿನ್ನ ಬಾಯಿ ಒಮ್ಮೆ ನೋಡ್ಲೇನು?"

ಮಾಲಾ ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯಲ್ಲಿ ಕೂತಳು. "ಅಪ್ಪಗ ಹೇಳಬ್ಯಾಡ್ರಿ" ಎಂದಷ್ಟೇ ಹೇಳಿ ಬಾಯಿ ತೆರೆದಳು.

ಮೊದಲ ತಟ್ಟೆಯಲ್ಲಿ ಆ ಚುಕ್ಕೆಗಳು ಬರಲಿಲ್ಲ. ಎರಡನೆಯದರಲ್ಲೂ ಇಲ್ಲ. ಫ್ರೀಜರಿನಿಂದೆದ್ದ ಸಿದ್ದಕ್ಕನ ಬಾಯಿಯ ಕೆಂಪು ಬೊಟ್ಟನ್ನು ತಂದು, ಮಾಲಾಳ ಬಾಯಿಯಿಂದ ಕೆರೆದದ್ದರ ಪಕ್ಕ ಗೆರೆ ಎಳೆದು ಇಟ್ಟಳು. ಕಾದಳು. ಜಾರು ತೆರೆದಾಗ ಆ ಗೆರೆಯುದ್ದಕ್ಕೂ ಗಸಗಸೆಗಿಂತ ಸಣ್ಣ ಚುಕ್ಕೆಗಳು ಒತ್ತಿಕೊಂಡು ಎದ್ದಿದ್ದವು.

ಅವು ಸಿದ್ದಕ್ಕನಿಂದ ಮಗಳಿಗೆ ಬಂದವೋ, ಬೇರೆ ಎಲ್ಲಿಂದಲೋ ಬಂದವೋ, ಕಣ್ಣಿಗೆ ತಿಳಿಯುವುದಿಲ್ಲ. ಇವನ್ನೂ ಫ್ರೀಜರಿನಲ್ಲಿ ಸತ್ತುಹೋದ ಸಿದ್ದಕ್ಕನವನ್ನೂ ಪುಣೆಗೆ ಕಳಿಸಿ, ಜೀನು ಓದಿಸಿ ಹೋಲಿಸಿದರೆ ಗೊತ್ತಾಗುತ್ತದೆ. ಕಳಿಸಲೆಂದು ನಳಿಕೆಗಳನ್ನು ಕಟ್ಟಿಟ್ಟು ಎಷ್ಟೋ ದಿನವಾಗಿದೆ. ಹರ್ಷದಾ ಅವನ್ನು ಇನ್ನೂ ಕಳಿಸಿಲ್ಲ. ಜಕ್ಕಪ್ಪ ಈಗಲೂ ಟಗರು ತರುತ್ತಾನೆ, ಈಗಲೂ ಕೇಳುತ್ತಾನೆ. ಅದಾಳ್ರಿ ಎನ್ನುವಾಗ ತಾನು ಹೇಳುತ್ತಿರುವುದು ಖರೆಯೋ ಸುಳ್ಳೋ ಅವಳಿಗೆ ಗೊತ್ತಿಲ್ಲ.