ಮೊದಲನೇ ಕಾಯಿ

“ಆಯುಧಪೂಜೇಲಿ ಮೊದಲನೇ ಕಾಯಿ ನಿಮ್ದೇ ಆಗ್ಬೇಕು ಯಜಮಾನ್ರೇ. ಅಮ್ಮಾವ್ರನ್ನೂ ಕರ್ಕೊಂಡ್ ಬಂದ್ಬಿಡಿ. ಫೋಟೋದಲ್ಲಿ ಜೋಡಿಯಾಗಿ ನಿಂತ್ರೆ ಚೆನ್ನಾಗಿರತ್ತೆ,” ಎಂದ ಆಸ್ಪತ್ರೆಯ ನಾಗೇಶ್. ಜಗಲಿಯ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಏನನ್ನೋ ಒತ್ತುತ್ತಿದ್ದ.

ಮುನಿಕೃಷ್ಣಪ್ಪ ಒಳಗೆ ನೋಡಿದ. ತೆರೆದ ಬಾಗಿಲಿನ ನೇರಕ್ಕೆ, ಗೋಡೆಯ ಮೇಲೆ ಹೆಂಡತಿ ಮುನಿಯಲ್ಲಮ್ಮನ ಪಟವಿತ್ತು. ಬೆಳಿಗ್ಗೆ ಹಾಕಿದ ಸುಗಂಧರಾಜದ ಹಾರ ಇನ್ನೂ ಬಾಡಿರಲಿಲ್ಲ. ಕತ್ತೆತ್ತಿದ್ದರೆ ಕಾಣುತ್ತಿತ್ತು. ನಾಗೇಶ್ ಕತ್ತೆತ್ತಲಿಲ್ಲ.

“ಬರ್ತೀನಿ ಓಗಪ್ಪ,” ಎಂದ ಮುನಿಕೃಷ್ಣಪ್ಪ ಕೊನೆಗೆ.

ಗಾಡಿಯ ಸದ್ದು ಬೀದಿ ದಾಟುವ ತನಕ ಒಳಗೆ ತಡೆದುಕೊಂಡಿದ್ದ ಮಗ ಮಹೇಂದ್ರ ಹೊರಗೆ ಬಂದ. “ಯಾಕಪ್ಪ ಒಪ್ಕೊಂಡೆ? ಸೂತಕ ಅಂದಿದ್ರೆ ಮುಗೀತಿತ್ತು. ವರ್ಷ ತುಂಬೋಗಂಟ ಕಾಯಿ ಒಡೆಯಂಗಿಲ್ಲ ಅಂತ ಎಲ್ರಿಗೂ ಗೊತ್ತು.”

“ಸೂತಕ ಯಾರ್ದು ಅಂತ ಕೇಳಿದ್ರೆ ಏನ್ ಹೇಳ್ಲಿ? ಅವಳು ಸತ್ತಿರೋದೇ ಆ ನನ್ಮಗನಿಗೆ ಗೊತ್ತಿಲ್ಲವಲ್ಲೋ!”

ಅಪ್ಪನ ಬಾಯಲ್ಲಿ ಬೈಗುಳ ಕೇಳಿ ಮಹೇಂದ್ರನಿಗೆ ಅಭ್ಯಾಸವಿರಲಿಲ್ಲ.

ರಾಜಾನುಕುಂಟೆ ದಾಟಿದ ಮೇಲೆ ದೊಡ್ಡಬಳ್ಳಾಪುರ ರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ಊರು ಅದು. ಅಲ್ಲಿನ ಸರ್ಕಾರಿ ಆಸ್ಪತ್ರೆ ನಿಂತಿರುವುದು ಮುನಿಕೃಷ್ಣಪ್ಪನ ತಂದೆ ಬಿಟ್ಟುಕೊಟ್ಟ ರಾಗಿ ಹೊಲದಲ್ಲಿ. ಅದಕ್ಕೆ ಬದಲಾಗಿ ಅವರು ಬೇಡಿದ್ದು ಒಂದೇ: ಆಯುಧಪೂಜೆಗೆ ಆಸ್ಪತ್ರೆಯ ಮೊದಲ ಕಾಯಿ ತಮ್ಮ ಮನೆಯವರದಾಗಬೇಕು. ಅಂದಿನಿಂದ ಅದು ತಪ್ಪಿರಲಿಲ್ಲ. ಹಬ್ಬಕ್ಕೆ ರಜೆಯಾದ್ದರಿಂದ ಹಿಂದಿನ ದಿನವೇ ಸೂಜಿ, ಕತ್ತರಿ, ತೂಕದ ತಕ್ಕಡಿ, ಆಂಬುಲೆನ್ಸು ಎಲ್ಲಕ್ಕೂ ಕುಂಕುಮವಿಟ್ಟು, ಮುನಿಕೃಷ್ಣಪ್ಪ ಕಾಯಿ ಒಡೆದು, ಇಲ್ಲಿಗೆ ಬಂದ ಜೀವ ನಗುತ್ತ ಮನೆಗೆ ಹೋಗಲಿ ತಾಯಿ ಎಂದು ಕೈ ಮುಗಿಯುತ್ತಿದ್ದ. ಮುನಿಯಲ್ಲಮ್ಮ ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದಳು.

ಈ ವರ್ಷ ಕುಂಕುಮ ಬೀಳಬೇಕಾಗಿದ್ದುದು ಹೊಸ ಯಂತ್ರಕ್ಕೆ. ಸುತ್ತಮುತ್ತ ಬಡಾವಣೆಗಳೆದ್ದು ಆಸ್ಪತ್ರೆಗೆ ಜನ ಜಾತ್ರೆಯ ಹಾಗೆ ಬರುತ್ತಿದ್ದರು. ನೋಡುವುದಕ್ಕೆ ಇದ್ದದ್ದು ಒಬ್ಬರೇ ಡಾಕ್ಟರು, ಆಶಾರಾಣಿ. ಜನ ಬೇಗ ಬೇಗ ಸಾಗಲಿ ಎಂದು ಮೇಲಿನವರು ಒಂದು ಟೋಕನ್ ಯಂತ್ರವನ್ನೂ ಅದರ ಉಸ್ತುವಾರಿಗೆ ನಾಗೇಶನನ್ನೂ ಕಳಿಸಿದ್ದರು. ಫೋನ್ ನಂಬರ್ ಒತ್ತಿದರೆ ಚೀಟಿ ಬರುತ್ತದೆ. ಸರದಿ ಬಂದಾಗ ಗೋಡೆಯ ಪರದೆ ಹೆಸರು ಹಿಡಿದು ಕೂಗುತ್ತದೆ. ಒಳಗೆ ಡಾಕ್ಟರು ಗುಂಡಿ ಒತ್ತಿದರೆ ಆ ಹೆಸರು ಮುಗಿಯಿತು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಎದೆಯೊಳಗೆ ಉರಿ ಎಂದು ಮುನಿಯಲ್ಲಮ್ಮ ಗಂಡನ ಜೊತೆ ಅಲ್ಲಿ ಬಂದು ಕೂತಿದ್ದಳು. ಅವಳ ಹೆಸರು ಕೂಗುವ ಹೊತ್ತಿಗೆ ಪಕ್ಕದಲ್ಲಿ ಜ್ವರದಿಂದ ಕೆಂಡವಾಗಿದ್ದ ಕೂಸನ್ನು ಎತ್ತಿಕೊಂಡು ಒಂದು ಹೆಣ್ಣು ಅಳುತ್ತಿತ್ತು. “ನೀನ್ ಓಗವ್ವ ಮೊದ್ಲು. ನಂದೇನು, ಮುದುಕಿ ಎದೆ, ಆಮೇಲ್ ನೋಡ್ತಾರೆ,” ಎಂದು ಮುನಿಯಲ್ಲಮ್ಮ ಅವಳನ್ನು ಒಳಕ್ಕೆ ತಳ್ಳಿದಳು. ಹಿಂದೆಲ್ಲ ಹಾಗೇ ನಡೆಯುತ್ತಿತ್ತು. ಕಂಪೌಂಡರ್ ಪಿಳ್ಳಣ್ಣ ಬಾಗಿಲಲ್ಲಿ ನಿಂತು, ಜಾಗ ಬಿಟ್ಟುಕೊಟ್ಟವರನ್ನು ನೆನಪಿಟ್ಟುಕೊಂಡು, ಅವರನ್ನೇ ಮುಂದೆ ಕರೆಯುತ್ತಿದ್ದ. ಪಿಳ್ಳಣ್ಣನಿಗೆ ನಿವೃತ್ತಿಯಾಯಿತು. ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ.

ಕೂಸಿಗೆ ಬರೆದ ಔಷಧಿ ಮುನಿಯಲ್ಲಮ್ಮನ ಹೆಸರಿನಲ್ಲಿ ಹೊರಬಂತು, ಅವಳ ಸರದಿ ಅಲ್ಲಿಗೆ ಮುಗಿಯಿತು. ಇನ್ನೊಂದು ಚೀಟಿ ಕೊಡಿ ಎಂದರೆ ನಾಗೇಶ್ ಪರದೆ ತೋರಿಸಿದ. “ಅಮ್ಮಾ, ಸಿಸ್ಟಮ್ಮಲ್ಲಿ ನಿಮ್ದು ಕ್ಲೋಸ್ ಆಗಿದೆ. ಒಂದು ನಂಬರಿಗೆ ದಿನಕ್ಕೆ ಒಂದೇ ಟೋಕನ್. ನಾಳೆ ಬನ್ನಿ.”

“ಎದೆ ಉರಿ ಅಂತಾಳೆ ಕಣಪ್ಪ, ಒಂದ್ ಗಳಿಗೆ ನೋಡ್ಬಿಡ್ಲಿ,” ಎಂದು ಮುನಿಕೃಷ್ಣಪ್ಪ ಕೈ ಜೋಡಿಸಿದ.

“ಎಲ್ರೂ ಒಂದ್ ಗಳಿಗೆ ಅಂದ್ರೆ ಸಿಸ್ಟಮ್ ಯಾಕೆ ಸಾರ್ ಬೇಕು?”

ಮುನಿಯಲ್ಲಮ್ಮ ಗಂಡನ ತೋಳು ಹಿಡಿದು ಎಳೆದಳು. “ಬಾ, ನಾಳೆ ಬರಾನ. ಗ್ಯಾಸೇ ಇರ್ಬೇಕು.” ನಾಳೆ ಅವಳಿಗೆ ಬರಲಿಲ್ಲ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅವಳ ಫೋನು ಒಮ್ಮೆ ಮಿನುಗಿತು. ತಪಾಸಣೆ ಪೂರ್ಣಗೊಂಡಿದೆ, ನಮ್ಮ ಸೇವೆ ತೃಪ್ತಿ ತಂದಿತೇ ಎಂದು ಆಸ್ಪತ್ರೆ ಕೇಳಿತ್ತು.

ಆ ನಾಗೇಶನಿಗೆ ಮುನಿಕೃಷ್ಣಪ್ಪನ ಮುಖ ನೆನಪಿರಲಿಲ್ಲ. ಜಾಗ ಕೊಟ್ಟ ಮನೆ ಎಂದು ಯಾರೋ ಹೇಳಿದ್ದಕ್ಕೆ ಹುಡುಕಿಕೊಂಡು ಬಂದಿದ್ದ, ಅಷ್ಟೆ.

ಪೂಜೆಯ ದಿನ ಮುನಿಕೃಷ್ಣಪ್ಪ ಸೂತಕವೆಂದು ಊರದೇವತೆ ಪಟಾಲಮ್ಮನ ಗುಡಿಯ ಹೊಸ್ತಿಲು ದಾಟಲಿಲ್ಲ. ಹೊರಗೇ ನಿಂತು ಕೈ ಮುಗಿದ. ಇಷ್ಟು ವರ್ಷ ಬೇಡಿಕೊಂಡಿದ್ದೆಲ್ಲ ಬಾಯಿಗೆ ಬಂತು. ಇವತ್ತು ಬೇಡಲಿಲ್ಲ. ಪಂಚೆಯ ತುದಿ ಎತ್ತಿ ಕಟ್ಟಿ, ಕಾಯಿ ಹಿಡಿದು ಹೊರಟ.

ಆಸ್ಪತ್ರೆಯಲ್ಲಿ ಮಾವಿನ ತೋರಣ, ಬಾಳೆಕಂದು. ಯಂತ್ರಕ್ಕೆ ಚೆಂಡುಹೂವಿನ ಹಾರ. ಗೋಡೆಯ ಮೇಲೆ ಬ್ಯಾನರು: ಕಾಯುವ ಸಮಯ ಅರ್ಧಕ್ಕರ್ಧ ಇಳಿಕೆ, ಜಿಲ್ಲೆಗೇ ಮಾದರಿ. ಅದರ ಕೆಳಗೆ ಕುರ್ಚಿ ತುಂಬ ಜನ. ಬರಬೇಕಾದ ಅಧಿಕಾರಿಗಳು ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿದ್ದರು.

“ಬಂದ್ರಾ ಯಜಮಾನ್ರೇ! ಅಮ್ಮಾವ್ರು ಎಲ್ಲಿ?” ಎಂದ ನಾಗೇಶ್.

“ಬರ್ತಾಳೆ,” ಎಂದ ಮುನಿಕೃಷ್ಣಪ್ಪ.

ಯಂತ್ರದ ಮುಂದೆ ನಿಂತು ಹೆಂಡತಿಯ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಒತ್ತಿದ. ನಮಸ್ಕಾರ ಮುನಿಯಲ್ಲಮ್ಮ ಎಂಬ ಅಕ್ಷರ ಮೂಡಿತು. ಚೀಟಿ ಹೊರಬಂತು. ಅದನ್ನು ತೆಗೆದುಕೊಂಡು ಅವಳು ಅಂದು ಕೂತಿದ್ದ ಕುರ್ಚಿಯ ಪಕ್ಕದಲ್ಲಿ ಕೂತ. ಅವಳ ಕುರ್ಚಿಯ ಮೇಲೆ ಕಾಯಿಯನ್ನಿಟ್ಟ.

ಹೆಸರುಗಳು ಒಂದರ ಹಿಂದೊಂದು ಹೋದವು. ಪುರೋಹಿತರು ಕರ್ಪೂರ ತೆಗೆದಿಡುತ್ತಿದ್ದ ಹೊತ್ತಿಗೆ ಗೋಡೆ ನುಡಿಯಿತು: “ಮುನಿಯಲ್ಲಮ್ಮ, ದಯವಿಟ್ಟು ಒಳಗೆ ಬನ್ನಿ.”

ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆಯಿತು. ನರ್ಸು ಹೂವಿನ ಕೆಲಸಕ್ಕೆ ಹೋಗಿದ್ದರಿಂದ ಡಾಕ್ಟರು ಆಶಾರಾಣಿ ತಾವೇ ಬಾಗಿಲಿಗೆ ಬಂದರು. ನಿದ್ದೆಗೆಟ್ಟ ಕಣ್ಣು, ಕೊರಳಲ್ಲಿ ಸ್ಟೆತಸ್ಕೋಪು. “ಮುನಿಯಲ್ಲಮ್ಮ ಯಾರಮ್ಮ? ಬನ್ನಿ.”

“ನನ್ನ ಹೆಂಡ್ತಿ ಕಣ್ ತಾಯಿ,” ಎಂದ ಮುನಿಕೃಷ್ಣಪ್ಪ ಕೂತಲ್ಲಿಂದಲೇ.

“ಕರ್ಕೊಂಡ್ ಬನ್ನಿ ಮತ್ತೆ.”

“ಶ್ರಾವಣದಲ್ಲಿ ಕರ್ಕೊಂಡ್ ಬಂದಿದ್ದೆ. ಅವಳ ಸರದೀಲಿ ನೀವು ಒಂದು ಕೂಸಿಗೆ ಔಸದಿ ಬರೆದ್ರಿ. ಕೂಸು ಚೆನ್ನಾಗಿರ್ಲಿ. ನಿಮ್ಮ ಮಿಷನ್ನು ನಮ್ಮೋಳ್ನ ವಾಸಿ ಮಾಡ್ತು. ಸಂಜೆಗೆ ಸತ್ಲು.”

ಕೂತವರೆಲ್ಲ ತಿರುಗಿದರು. ನಾಗೇಶ್ ಓಡಿ ಬಂದ. “ಯಜಮಾನ್ರೇ, ಮೊನ್ನೆ ಮನೇಲೇ ಹೇಳ್ಬೋದಿತ್ತಲ್ಲ! ಈಗ ಸಾಹೇಬ್ರು ಬರೋ ಟೈಮು...”

“ಮೊನ್ನೆ ನೀನು ನಮ್ಮನೆ ಬಾಗ್ಲಲ್ಲಿ ನಿಂತು ಫೋನ್ ನೋಡ್ತಿದ್ದೆ. ಅವಳು ನಿನ್ನ ಎದುರಿಗೇ ಇದ್ಲು ಕಣಯ್ಯಾ, ಗೋಡೆ ಮೇಲೆ!” ಎಂದ. ದನಿ ಒಡೆಯಿತು. ಒಡೆದ ದನಿಯಲ್ಲೇ ಕೂಗಿದ. “ಬ್ಯಾನರ್ ಆಕಿದ್ದೀಯಲ್ಲ, ಕಾಯೋದು ಕಮ್ಮಿ ಆಯ್ತು ಅಂತ. ಸತ್ತೋರು ಕಾಯಲ್ಲ, ಅದುಕ್ಕೇ ಕಮ್ಮಿ ಆಗಿರೋದು! ಎಷ್ಟ್ ಜನರ ಎಸ್ರನ್ನ ಇಂಗೆ ಮುಗಿಸಿದ್ದೀಯ, ಹೇಳು!”

ಆಶಾರಾಣಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡರು. “ನಾನು ಇನ್ನೊಬ್ರು ಡಾಕ್ಟರ್ ಕೊಡಿ ಅಂತ ಬರೆದಿದ್ದೆ,” ಎಂದರು, ಯಾರಿಗೋ ಹೇಳುವವರ ಹಾಗೆ. “ಇದನ್ನ ಕಳಿಸಿದ್ರು.” ಯಂತ್ರದ ಕಡೆ ಕೈ ಮಾಡಿ ಮತ್ತೆ ಹೇಳಿದರು, “ಮುಖ ನೋಡ್ತಿದ್ದೆ ಮೊದ್ಲೆಲ್ಲ. ನಾನೇ ನೋಡ್ತಿದ್ದೆ.”

“ಯಜಮಾನ್ರೇ, ಕಾಯಿ ಒಂದು ಒಡೆದುಬಿಡಿ, ಆಮೇಲ್ ಮಾತಾಡಾಣ,” ಎಂದು ನಾಗೇಶ್ ಕುರ್ಚಿಯ ಕಡೆ ಕೈ ಚಾಚಿದ.

“ಮುಟ್ಬೇಡ.”

ನಾಗೇಶನ ಕೈ ಹಾಗೇ ನಿಂತಿತು. ಹೊರಗೆ ಅಧಿಕಾರಿಗಳ ಕಾರಿನ ಹಾರ್ನು ಕೇಳಿತು. ಗೋಡೆ ಮುಂದಿನ ಹೆಸರು ಕೂಗಿತು. ಆ ಹೆಸರಿನ ಮುದುಕ ತನ್ನ ಚೀಟಿಯನ್ನು ನೋಡಿದ, ಕಾಯಿಯನ್ನು ನೋಡಿದ, ಏಳಲಿಲ್ಲ. ಡಾಕ್ಟರೂ ಒಳಗೆ ಹೋಗಲಿಲ್ಲ.

ಆಗ ತಾನೇ ಬಂದ ಒಬ್ಬ ತುಂಬು ಬಸುರಿ, ಏನಾಗಿದೆಯೆಂದು ತಿಳಿಯದೆ, ಬೆವರು ಒರೆಸಿಕೊಳ್ಳುತ್ತ ಕೂರಲು ಜಾಗ ಹುಡುಕಿದಳು. “ಅಜ್ಜ, ಇಲ್ಲಿ ಯಾರಾದ್ರೂ ಇದ್ದಾರಾ?” ಎಂದು ಕಾಯಿಯಿದ್ದ ಕುರ್ಚಿ ತೋರಿಸಿದಳು.

“ಇದಾಳೆ ಕಣವ್ವ. ಅವಳ್ನ ಇನ್ನೂ ನೋಡಿಲ್ಲ,” ಎಂದ ಮುನಿಕೃಷ್ಣಪ್ಪ. ಮೊಣಕಾಲಿಗೆ ಕೈಯೂರಿ ಎದ್ದು ನಿಂತ. “ನೀನು ಇಲ್ಲಿ ಕೂತ್ಕೋ.”

ಅವಳು ಕೂತಳು. ಪಕ್ಕದ ಕುರ್ಚಿಯಲ್ಲಿ, ಜುಟ್ಟಿಗೆ ಅರಿಶಿನ ಹಚ್ಚಿದ ಕಾಯಿ ಹಾಗೇ ಇತ್ತು.